ಎಡಕ್ಕೆ ಎಳೆಯುವ ವಿಮಾನ

ಮಾರ್ಚ್ 3

ಕ್ಯಾಪ್ಟನ್ ಅಮ್ಮನವರಿಗೆ,

ನಿಮ್ಮ ವಿಮಾನ ಸುಖವಾಗಿ ಬಂದು ಸೇರಿತು ಎಂದು ತಿಳಿಸಲು ಬರೆಯುತ್ತಿದ್ದೇನೆ. ಎಂಜಿನ್ ಸದ್ದಿಗೆ ಕಿವಿ ಹೋಗಿದೆ, ಫೋನ್ ಮಾಡಬೇಡಿ, ಪತ್ರ ಹಾಕಿ ಎಂದು ನೀವು ಹೇಳಿದ್ದಿರಿ. ನನಗೆ ಪತ್ರ ಬರೆದು ಅಭ್ಯಾಸವಿಲ್ಲ. ಗಿರಾಕಿಗಳಿಗೆ 'ಸೋಫಾ ರೆಡಿ ಇದೆ, ಬಂದು ಒಯ್ಯಿರಿ' ಎಂದು ಚೀಟಿ ಬರೆದದ್ದೇ ಹೆಚ್ಚು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅಲ್ಲಿಂದ ಇಲ್ಲಿಗೆ ಮೇಷ್ಟ್ರೇ ಹಿಂದಿನ ಸೀಟಿನಲ್ಲಿ ಕೂತು ಹಾರಿಸಿಕೊಂಡು ಬಂದರು. ಮೇಷ್ಟ್ರು ಎಂದರೆ ಕ್ಲಬ್ಬಿನಲ್ಲಿ ನನಗೆ ಹಾರಾಟ ಕಲಿಸಿದವರು. ನನ್ನ ಹತ್ತಿರ ಲೈಸೆನ್ಸ್ ಇದೆ, ಆದರೆ ಕಲಿತದ್ದೆಲ್ಲ ಮೂಗಿನ ಕೆಳಗೆ ಚಕ್ರ ಇರುವ ವಿಮಾನದಲ್ಲಿ. ಬಾಲದಲ್ಲಿ ಚಕ್ರ ಇರುವುದನ್ನು ಇಳಿಸುವುದು ಬೇರೆಯೇ ವಿದ್ಯೆ, ಮೊದಲಿಂದ ಕಲಿಯಬೇಕು ಎಂದು ಮೇಷ್ಟ್ರು ಈಗಲೇ ಹೆದರಿಸಿದ್ದಾರೆ.

ವಿಮಾನ ನೋಡಲು ನನ್ನ ಹೆಂಡತಿಯನ್ನು ಶೆಡ್ಡಿಗೆ ಕರೆದುಕೊಂಡು ಹೋಗಿದ್ದೆ. ಸುತ್ತ ಒಂದು ಸಲ ನಡೆದು ನೋಡಿದಳು. "ಮನೆಗೊಂದು ವಾಷಿಂಗ್ ಮೆಷಿನ್ ತನ್ನಿ ಅಂದ್ರೆ ಸವತಿನ ಕರ್ಕೊಂಡು ಬಂದ್ರಲ್ಲ. ಅದೂ ನಿಮಗಿಂತ ವಯಸ್ಸಾದೋಳನ್ನ" ಎಂದಳು. ಈಗ ನಮ್ಮ ಮನೆಯಲ್ಲಿ ಅದಕ್ಕೆ ಸವತಿ ಎಂದೇ ಹೆಸರು.

ಎರಡು ವಿಷಯ ಕೇಳಬೇಕು. ಎಡ ರೆಕ್ಕೆಯ ತುದಿಯಲ್ಲಿ ಬಟ್ಟೆ ಹೊಸದು. ಹೊಲಿಗೆಯೂ ಬೇರೆ ಕೈಯದು. ನಾನು ಸೋಫಾ, ಬಸ್ಸಿನ ಸೀಟು ಹೊಲಿಯುವವನು, ಇಂಥದ್ದು ಕಣ್ಣಿಗೆ ಬಿದ್ದೇ ಬೀಳುತ್ತದೆ. ಅಲ್ಲಿ ಏನಾಗಿತ್ತು? ಇನ್ನೊಂದು, ಹಿಂದಿನ ಸೀಟಿನಲ್ಲಿ ನಿಮ್ಮ ದಿಂಬು ಉಳಿದುಹೋಗಿದೆ. ಪಾರ್ಸಲ್ ಮಾಡಲೇ?

ನಿಮ್ಮ ವಿಮಾನ ಕೊಂಡವನು


ಮಾರ್ಚ್ 14

ಸೋಫಾ ಮೇಸ್ತ್ರಿಗಳಿಗೆ,

ಪತ್ರ ಬಂತು. ಇನ್ನು ಮುಂದೆ ಕಪ್ಪು ಶಾಯಿಯಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಯಿರಿ. ನಿಮ್ಮ ಅಕ್ಷರ ಸಾಸಿವೆ ಚೆಲ್ಲಿದ ಹಾಗಿದೆ.

ರೆಕ್ಕೆಯ ತುದಿ ಬೇಲಿಗೆ ತಾಗಿತ್ತು. ಬಟ್ಟೆ ಬದಲಾಯಿಸಿದ್ದೇನೆ. ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ. ದಿಂಬು ವಿಮಾನದ್ದು, ಅಲ್ಲೇ ಇರಲಿ.

ನಿಮ್ಮ ಮೇಷ್ಟ್ರಿಗೆ ಗೊತ್ತಿರಬಹುದು, ಆದರೂ ಹೇಳುತ್ತೇನೆ. ಅದಕ್ಕೆ ಸ್ಟಾರ್ಟರ್ ಇಲ್ಲ, ಮುಂದಿನ ಪಂಖವನ್ನು ಕೈಯಿಂದ ತಿರುಗಿಸಬೇಕು. ತಿರುಗಿಸುವ ಮೊದಲು ಬಾಲವನ್ನು ಗೂಟಕ್ಕೆ ಕಟ್ಟಿ. ಒಳಗೆ ಯಾರಾದರೂ ಕೂತಿದ್ದರೂ ಕಟ್ಟಿ. ತಮ್ಮನ್ನು ಬಿಟ್ಟು ತಾನೇ ಹೊರಟುಹೋದ ವಿಮಾನದ ಹಿಂದೆ ಓಡಿದವರನ್ನು ನಾನು ನೋಡಿದ್ದೇನೆ. ನೋಡಲು ಚೆನ್ನಾಗಿರುವುದಿಲ್ಲ. ಪೆಟ್ರೋಲ್ ಮುಚ್ಚಳದಿಂದ ಒಂದು ತಂತಿ ಮೇಲೆದ್ದಿದೆಯಲ್ಲ, ಅದರ ತುದಿಗೆ ಟ್ಯಾಂಕಿನೊಳಗೆ ಪೆಟ್ರೋಲ್ ಮೇಲೆ ತೇಲುವ ಬೆಂಡು ಇದೆ. ತಂತಿ ಕುಣಿಯುತ್ತಿರುವವರೆಗೆ ಚಿಂತೆಯಿಲ್ಲ. ಕುಣಿಯುವುದು ನಿಂತರೆ ಇಳಿಯುವ ಜಾಗ ಹುಡುಕಿ.

ನೆಲ ಮುಟ್ಟಿತು, ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಶೆಡ್ಡಿನಲ್ಲಿ ಕಟ್ಟಿ, ಮನೆಗೆ ಬಂದು ಚಪ್ಪಲಿ ಬಿಡುವವರೆಗೂ ಅದನ್ನು ಹಾರಿಸುತ್ತಲೇ ಇರಬೇಕು.

ಕೊನೆಯದಾಗಿ, ನೆಲ ಮುಟ್ಟಿದ ಮೇಲೆ ಅದು ಎಡಕ್ಕೆ ಎಳೆಯುತ್ತದೆ. ನೀವೂ ಗಮನಿಸಿ ನನಗೆ ಬರೆಯಿರಿ. ಮರೆಯಬೇಡಿ.

ಕ್ಯಾಪ್ಟನ್


ಏಪ್ರಿಲ್ 2

ಕ್ಯಾಪ್ಟನ್ ಅಮ್ಮನವರಿಗೆ,

ಅಕ್ಷರ ಇಷ್ಟು ದೊಡ್ಡದಾದರೆ ಸಾಕೇ? ನಾನು ಬರೆಯುವುದನ್ನು ನೋಡಿ ನನ್ನ ಹೆಂಡತಿ, "ಪತ್ರ ಬರೀತಿದೀರೋ ಅಂಗಡಿ ಬೋರ್ಡ್ ಬರೀತಿದೀರೋ" ಎಂದಳು. ನಾನು ಕಡಿಮೆ ಓದಿದವನು, ಅಕ್ಷರ ತಿದ್ದಿಸುತ್ತಿದ್ದೀರಿ ಎಂದುಕೊಂಡಿದ್ದೇನೆ. ಬೇಜಾರಿಲ್ಲ.

ಪಾಠ ಶುರುವಾಗಿದೆ. ಹಿಂದಿನ ಸೀಟಿನಲ್ಲಿ ಕೂತರೆ ಎದುರಿಗೆ ಎಂಜಿನ್ನಿನ ಮೂಗು ಬಿಟ್ಟು ಏನೂ ಕಾಣುವುದಿಲ್ಲ. ಇಳಿಯುವ ಹುಲ್ಲುಪಟ್ಟಿಯ ಎಡದ ಅಂಚು ಇಷ್ಟು, ಬಲದ ಅಂಚು ಇಷ್ಟು ಎಂದು ಎರಡನ್ನೂ ಓರೆಗಣ್ಣಿನಲ್ಲಿ ಹಿಡಿದುಕೊಂಡು ನಡುವೆ ಹೋಗಬೇಕು. ನೆಲದ ಮೇಲೆ ತಿರುಗಿಸುವುದೂ ಕೈಯಿಂದಲ್ಲ, ಕಾಲ ಕೆಳಗಿನ ಎರಡು ಪೆಡಲುಗಳಿಂದ. ಹಾರುವಾಗ ಅಷ್ಟು ಸಾಧುವಾಗಿರುವುದು ನೆಲ ಮುಟ್ಟಿದ ತಕ್ಷಣ ಬಾಲವನ್ನು ಮುಂದಕ್ಕೆ ತರಲು ನೋಡುತ್ತದೆ. ತಳ್ಳುಗಾಡಿಯನ್ನು ಹಿಂದುಮುಂದಾಗಿ ಹಿಡಿದು ಇಳಿಜಾರಿನಲ್ಲಿ ಓಡಿಸಿದ ಹಾಗೆ. ಮೊದಲ ದಿನ ಎಡಕ್ಕೆ ಹೋಯಿತು, ಬಲಕ್ಕೂ ಹೋಯಿತು, ಒಂದು ಸಲ ಅರ್ಧ ಗಿರಕಿ ಹೊಡೆದು ಬಂದ ದಾರಿಯನ್ನೇ ನೋಡುತ್ತ ನಿಂತಿತು. ಮುಂದಿನ ಸೀಟಿನಿಂದ ಮೇಷ್ಟ್ರು ತಿರುಗಿಯೂ ನೋಡದೆ, "ಏನಯ್ಯ, ಏನಾದ್ರೂ ಮರೆತು ಬಂದ್ಯಾ?" ಎಂದರು.

ನೀವು ಹೇಳಿದ ಎಡದ ಎಳೆತದ ವಿಷಯ ಅವರಿಗೆ ಹೇಳಿದೆ. "ವಿಮಾನ ಎಳೀತಿಲ್ಲ ಕಣಯ್ಯ, ನಿನ್ನ ಕಾಲು ನಿದ್ದೆ ಮಾಡ್ತಿದೆ" ಎಂದರು. ಆದರೂ ನನ್ನ ಮನಸ್ಸಿನಲ್ಲಿ ಹುಳ ಹೊಕ್ಕಿದೆ. ಕೊಳ್ಳುವಾಗ ನೀವು ಇದನ್ನು ಹೇಳಲಿಲ್ಲ. ಈಗ ಹೇಳುತ್ತಿದ್ದೀರಿ. ಚಕ್ರದಲ್ಲೋ ಚೌಕಟ್ಟಿನಲ್ಲೋ ದೋಷವಿದ್ದರೆ ದಯವಿಟ್ಟು ಮುಚ್ಚಿಡದೆ ತಿಳಿಸಿ. ನಾನು ಮಕ್ಕಳಿರುವವನು.

ನಿಮ್ಮ ದಿಂಬು ಬಹಳ ಹಳೆಯದಾಗಿತ್ತು. ಬಲಬದಿ ಪೂರ್ತಿ ಚಪ್ಪಟೆಯಾಗಿ, ಎಡಬದಿ ಮಾತ್ರ ಉಬ್ಬಿತ್ತು. ಬಿಚ್ಚಿ ಹೊಸ ಸ್ಪಂಜು ತುಂಬಿ ಸಮ ಮಾಡಿದ್ದೇನೆ.

ಸೋಫಾ ಮೇಸ್ತ್ರಿ


ಏಪ್ರಿಲ್ 13

ಮೇಸ್ತ್ರಿಗಳಿಗೆ,

ಅಕ್ಷರ ಸಾಕು. ದಿಂಬನ್ನು ಮುಟ್ಟಬೇಕಾಗಿರಲಿಲ್ಲ.

ನಾನು ದೋಷ ಮುಚ್ಚಿಟ್ಟು ಮಾರುವವಳಲ್ಲ. ಮಾರುವ ಮೊದಲು ಇಬ್ಬರ ಹತ್ತಿರ ಪರೀಕ್ಷೆ ಮಾಡಿಸಿದೆ. ಇಬ್ಬರೂ ಏನೂ ಇಲ್ಲ ಎಂದರು. ಅವರಿಗೆ ಸಿಗಲಿಲ್ಲ ಎಂದರೆ ಇಲ್ಲ ಎಂದಲ್ಲ. ಜೀವಮಾನವೆಲ್ಲ ಹೊಲಗಳಿಗೆ ಔಷಧಿ ಸಿಂಪಡಿಸುವ ವಿಮಾನ ಹಾರಿಸಿದವಳು ನಾನು. ವಿದ್ಯುತ್ ತಂತಿಯ ಕೆಳಗೆ ನುಗ್ಗಿ ಆಚೆ ಎದ್ದವಳು. ಹುಲ್ಲಿನ ಮೇಲೆ ನೆಟ್ಟಗೆ ಓಡಿಸಲು ನನಗೆ ಬರುವುದಿಲ್ಲವೇ?

ನನಗೊಬ್ಬ ಮಗನಿದ್ದಾನೆ. ಇದೇ ಊರಿನಲ್ಲಿ ಟೈರ್ ಅಂಗಡಿ ಇಟ್ಟಿದ್ದಾನೆ. ಅಮ್ಮನಿಗೆ ಇನ್ನು ಹಾರಿಸಲು ಆಗುವುದಿಲ್ಲ ಎಂದು ಲೈಸೆನ್ಸಿಗೆ ಮೈ ಪರೀಕ್ಷೆ ಮಾಡುವ ಡಾಕ್ಟರ ಹತ್ತಿರ ಅವನೇ ಹೋಗಿ ಹೇಳಿಬಂದ. ಅಂದಿನಿಂದ ಅವನ ಮನೆಯ ಮೆಟ್ಟಿಲು ಹತ್ತಿಲ್ಲ. ಇದನ್ನು ಯಾಕೆ ಬರೆದೆನೋ ಗೊತ್ತಿಲ್ಲ.

ಕಾಲನ್ನು ಒಂದೇ ಸಲ ಜೋರಾಗಿ ಒತ್ತಬೇಡಿ. ನಿಮ್ಮ ಹೊಲಿಗೆ ಮೆಷಿನ್ನಿನ ಪೆಡಲ್ ತುಳಿಯುವ ಹಾಗೆ, ಸಣ್ಣಗೆ, ನಿಲ್ಲಿಸದೆ, ಎಡ ಬಲ ಎಡ ಬಲ. ಬಾಲ ಹೊರಡುವ ಮೊದಲೇ ಕಾಲು ಅಲ್ಲಿರಬೇಕು. ಅಭ್ಯಾಸವಾದ ಮೇಲೆ ಎಡಕ್ಕೆ ಎಳೆಯುತ್ತದೆಯೋ ಇಲ್ಲವೋ ಒಂದು ಮಾತು ಬರೆಯಿರಿ. ಬೇರೆ ಏನೂ ಬರೆಯದಿದ್ದರೂ ಸರಿ.

ಕ್ಯಾಪ್ಟನ್


ಮೇ 20

ಕ್ಯಾಪ್ಟನ್ ಅಮ್ಮನವರಿಗೆ,

ಪತ್ರ ತಡವಾಯಿತು. ಒಂದು ಶಾಲೆಯ ಬಸ್ಸಿನ ಸೀಟುಗಳೆಲ್ಲ ಒಟ್ಟಿಗೆ ಬಂದಿದ್ದವು. ಮಕ್ಕಳು ಸೀಟನ್ನು ತಿನ್ನುತ್ತಾರೋ ಏನೋ, ಸ್ಪಂಜು ಅರ್ಧವೂ ಉಳಿದಿರಲಿಲ್ಲ.

ಸಂತೋಷದ ಸುದ್ದಿ ಇದೆ. ಹೋದ ವಾರ ಮೇಷ್ಟ್ರು ವಿಮಾನದಿಂದ ಕೆಳಗಿಳಿದು, "ಹೋಗು, ಒಬ್ಬನೇ ಸುತ್ತಿ ಬಾ. ಕೆಡವಿದರೆ ನಿನ್ನದೇ ಅಲ್ವಾ" ಎಂದರು. ಹೊಲಿಗೆ ಮೆಷಿನ್ ಪೆಡಲಿನ ಮಾತು ನೆನೆಸಿಕೊಂಡು ಹೋದೆ. ಮೂರೂ ಚಕ್ರ ಒಟ್ಟಿಗೆ ಹುಲ್ಲು ಮುಟ್ಟಿದವು. ಹಳಿಯ ಮೇಲೆ ಓಡಿದ ಹಾಗೆ ಓಡಿ ನಿಂತಿತು. ಮೇಷ್ಟ್ರು ನನ್ನ ಮುಖ ನೋಡಿ, "ಇವತ್ತು ಮನೆಗೆ ಹೋಗಿ ಹೆಂಡತಿ ಹತ್ರ ಜಗಳ ಆಡ್ಬೇಡ, ಈ ದಿನ ಹಾಳಾಗುತ್ತೆ" ಎಂದರು. ಇದು ನಿಮ್ಮ ಪಾಠ. ಉಪಕಾರ ಮರೆಯುವುದಿಲ್ಲ.

ವರ್ಷದ ಪರೀಕ್ಷೆಗೆ ಮೆಕ್ಯಾನಿಕ್ ಬಂದಿದ್ದ. ಹಿಂದೆ ನಿಮ್ಮ ಮೈದಾನದಲ್ಲೇ ಕೆಲಸ ಮಾಡುತ್ತಿದ್ದನಂತೆ. ನಿಮ್ಮನ್ನು ಬಹಳ ನೆನೆಸಿಕೊಂಡ. ನಿಮ್ಮ ಮಾತು ಮನಸ್ಸಿನಲ್ಲಿದ್ದುದರಿಂದ ಮೂಗಿನಿಂದ ಬಾಲದವರೆಗೆ ದಾರ ಕಟ್ಟಿಸಿ ಅಳೆಸಿದೆ. ಚಕ್ರ ಬಿಚ್ಚಿಸಿದೆ, ಬ್ರೇಕ್ ಬಿಚ್ಚಿಸಿದೆ. ಎಡಕ್ಕೂ ಬಲಕ್ಕೂ ಕೂದಲಿನಷ್ಟೂ ವ್ಯತ್ಯಾಸ ಇರಲಿಲ್ಲ. ಸಂಜೆಯವರೆಗೂ ಕೂತು ಮಾತಾಡಿ ಹೋದ.

ಎಡಕ್ಕೆ ಎಳೆಯುತ್ತದೆಯೇ ಎಂದು ಕೇಳಿದ್ದಿರಿ. ಎಳೆಯುತ್ತದೆ ಅಮ್ಮ. ಸ್ವಲ್ಪ. ನೀವು ಹೇಳಿದ್ದು ಸರಿ.

ಮೇಸ್ತ್ರಿ


ಮೇ 29

ತಮ್ಮಾ,

ನಿನ್ನ ಪತ್ರವನ್ನು ಮೂರ್ನಾಲ್ಕು ಸಲ ಓದಿಸಿಕೊಂಡೆ. ಪಕ್ಕದ ಮನೆಯ ಟೀಚರಮ್ಮ ಓದಿದಳು. ಕೊನೆಯ ಸಾಲನ್ನು ಮತ್ತೆ ಓದು ಎಂದಾಗ, "ಅಮ್ಮ, ಇದರಲ್ಲಿ ಅಂಥದ್ದೇನಿದೆ?" ಎಂದಳು. ಅವಳಿಗೇನು ಗೊತ್ತು.

ನಿನ್ನನ್ನು ಏಕವಚನದಲ್ಲಿ ಕರೆದಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ನೀನೊಬ್ಬನಾದರೂ ಹೇಳಿದೆಯಲ್ಲ. ಇಷ್ಟು ದಿನ ಎದೆಯ ಮೇಲೆ ಯಾರೋ ಕೂತ ಹಾಗಿತ್ತು. ಈಗ ಎದ್ದು ಹೋದರು. ನಿನ್ನ ಮಾತನ್ನು ಹಾಗೇ ಒಂದು ಹಾಳೆಗೆ ಬರೆಸಿ ಮಗನ ಅಂಗಡಿಗೆ ಕಳಿಸಿದೆ. 'ನೋಡು, ಕೊಂಡವನೇ ಹೇಳುತ್ತಿದ್ದಾನೆ' ಎಂದು ಕೆಳಗೆ ಸೇರಿಸಿದೆ. ಅವನು ಉತ್ತರ ಕೊಟ್ಟಿಲ್ಲ. ಕೊಡಲು ಏನಿದೆ ಅವನ ಹತ್ತಿರ?

ಈಗ ಕೇಳು. ದೋಷವಿರುವುದು ಖಾತ್ರಿಯಾದ ಮೇಲೆ ಅದನ್ನು ನಿನ್ನ ಹತ್ತಿರ ಬಿಡುವುದು ಸರಿಯಲ್ಲ. ನೀನು ಸಂಸಾರ ಇರುವವನು. ಅದನ್ನು ನಾನೇ ವಾಪಸ್ ತೆಗೆದುಕೊಳ್ಳುತ್ತೇನೆ. ನಿನಗೆ ಒಂದು ಬಿಡಿಕಾಸೂ ನಷ್ಟವಾಗುವುದಿಲ್ಲ. ಚೌಕಟ್ಟನ್ನು ಪೂರ್ತಿ ಬಿಚ್ಚಿಸಿ ಸರಿ ಮಾಡಿಸಿ ಮತ್ತೆ ನಾನೇ ಹಾರಿಸುತ್ತೇನೆ. ಲೈಸೆನ್ಸ್ ಹೋದರೆ ಹೋಗಲಿ. ಈ ಮೈದಾನದಲ್ಲಿ ಬೆಳಿಗ್ಗೆ ನನ್ನನ್ನು ಕೇಳುವವರು ಯಾರೂ ಇಲ್ಲ. ಮೊಮ್ಮಗಳಿಗೆ ಆಸೆಯಿದೆ, ಮೊದಲಿನ ಹಾಗೆ ಮುಂದೆ ಕೂರಿಸಿಕೊಳ್ಳುತ್ತೇನೆ.

ಅಲ್ಲಿಯವರೆಗೆ ನೀನು ಹಾರಿಸಬೇಡ. ತರಲು ಬರುವ ತಿಂಗಳಲ್ಲೇ ಯಾರನ್ನಾದರೂ ಕಳಿಸುತ್ತೇನೆ.

ನಿನ್ನ ದೊಡ್ಡಮ್ಮನಂತಿರುವ,
ಕ್ಯಾಪ್ಟನ್


ಜೂನ್ 6

ದೊಡ್ಡಮ್ಮನವರಿಗೆ,

ಹಾಗೆ ಕರೆಯಲು ಈ ಪತ್ರದ ಕೊನೆಯಲ್ಲೂ ನನಗೆ ಅಧಿಕಾರ ಇರುತ್ತದೋ ಇಲ್ಲವೋ, ಮೊದಲೇ ಕರೆದುಬಿಡುತ್ತೇನೆ.

ವಿಮಾನ ಎಡಕ್ಕೆ ಎಳೆಯುವುದಿಲ್ಲ. ನೆಟ್ಟಗೆ ಹೋಗುತ್ತದೆ. ಹೋದ ಪತ್ರದಲ್ಲಿ ನಾನು ಬರೆದದ್ದು ಸುಳ್ಳು.

ಟೀಚರಮ್ಮ ಇದನ್ನು ಓದುತ್ತಿದ್ದರೆ ಅವರನ್ನು ಕಳಿಸಿಬಿಡಿ. ಉಳಿದದ್ದನ್ನು ನೀವೇ ಓದಿಕೊಳ್ಳುವ ಹಾಗೆ ಇನ್ನೂ ದೊಡ್ಡದಾಗಿ ಬರೆಯುತ್ತೇನೆ. ಹಾಳೆ ಎಷ್ಟಾದರೂ ಆಗಲಿ.

ಮೆಕ್ಯಾನಿಕ್ ಎಲ್ಲ ಹೇಳಿದ. ನೀವು ಕೊನೆಯ ಸಲ ಇಳಿದಾಗ ವಿಮಾನ ಎಡಕ್ಕೆ ಸರಿದು ಬೇಲಿಗೆ ನುಗ್ಗಿತಂತೆ. ಮುಂದಿನ ಸೀಟಿನಲ್ಲಿ ಮೊಮ್ಮಗಳು ಇದ್ದಳಂತೆ. ಹಣೆಗೆ ಪೆಟ್ಟಾಯಿತಂತೆ. ಡಾಕ್ಟರು ನೋಡಿ ನಿಮ್ಮ ಎಡಗಣ್ಣು ಹೋಗಿದೆ ಎಂದರಂತೆ. ನೀವು ಮಾತ್ರ ವಿಮಾನದ್ದೇ ತಪ್ಪು ಎಂದಿರಂತೆ. ಇದನ್ನು ಕೇಳಿದ ಮೇಲೆ ನಿಮ್ಮ ಪ್ರಶ್ನೆಗೆ ಇಲ್ಲ ಎಂದು ಬರೆಯಲು ಕೈ ಬರಲಿಲ್ಲ. ನನಗೆ ಕಾಲು ಆಡಿಸಲು ಕಲಿಸಿದವರು ನೀವು. ಹೌದು ಎಂದರೆ ಯಾರಿಗೇನು ನಷ್ಟ ಎಂದುಕೊಂಡೆ.

ನಿಮ್ಮ ಪತ್ರವನ್ನು ಹೆಂಡತಿಗೆ ಓದಿ ಹೇಳಿದೆ. ಒಲೆ ಆರಿಸಿ ಬಂದು ಎದುರಿಗೆ ಕೂತಳು. "ಸವತಿ ಹೋದ್ರೆ ನನಗೇನು, ಒಳ್ಳೇದೇ. ಆದ್ರೆ ಆ ಅಮ್ಮ ಒಂದು ಕಣ್ಣಲ್ಲಿ ಆ ಹುಡುಗೀನ ಮತ್ತೆ ಮುಂದೆ ಕೂರಿಸ್ಕೊಂಡು ಹೊರಟ್ರೆ? ಮಗ ಪಾಪ ಹೆತ್ತ ತಾಯಿ ಹತ್ರ ಬೈಸ್ಕೊಂಡು ಬಾಯಿ ಮುಚ್ಕೊಂಡಿದಾನೆ. ನೀವು ಒಳ್ಳೆಯವರಾಗೋಕೆ ಹೋಗಿ ಅವನನ್ನ ಕೆಟ್ಟವನ್ನ ಮಾಡಿದ್ರಿ" ಎಂದಳು. ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ಇನ್ನೊಂದು ಮಾತು. ಇದು ಮೆಕ್ಯಾನಿಕ್ ಹೇಳಿದ್ದಲ್ಲ, ಡಾಕ್ಟರು ಹೇಳಿದ್ದೂ ಅಲ್ಲ. ಸೀಟು ಹೊಲಿಯುವವನ ಮಾತು. ಹಳೆ ಸೀಟು ಬಿಚ್ಚಿದರೆ ಕೂತವರು ಹೇಗೆ ಕೂರುತ್ತಿದ್ದರು ಎಂದು ತಿಳಿಯುತ್ತದೆ. ಕಂಡಕ್ಟರ್ ಸೀಟು ಬೇರೆ, ಸೊಂಟನೋವಿನವರ ಕುರ್ಚಿ ಬೇರೆ. ನಿಮ್ಮ ದಿಂಬು ಬಲಬದಿಗೆ ಚಪ್ಪಟೆಯಾಗಿತ್ತು. ಹಳೆಯದಾಗಿದೆ ಎಂದು ಸಮ ಮಾಡಿಬಿಟ್ಟೆ. ಯಾಕೆ ಬಲಬದಿ ಮಾತ್ರ ಎಂದು ನನಗೇ ಹೊಳೆಯಬೇಕಿತ್ತು. ಕಾಣುವ ಕಣ್ಣಿನ ಕಡೆಗೆ ವಾಲಿಕೊಂಡು ಕೂರುತ್ತಿದ್ದಿರಿ.

ನಿನ್ನೆ ಮೇಷ್ಟ್ರನ್ನು ಮುಂದೆ ಕೂರಿಸಿಕೊಂಡು ನಾನೂ ಹಾಗೇ ಕೂತೆ. ಎಡಗಣ್ಣಿಗೆ ಬಟ್ಟೆ ಕಟ್ಟಿ, ಬಲಕ್ಕೆ ವಾಲಿದೆ. ವಾಲಿದ್ದರಿಂದ ಬಲದ ಅಂಚು ಹತ್ತಿರ ಬಂದ ಹಾಗೆ ಕಂಡಿತು. ಎಡದ ಅಂಚು ಕಾಣಲೇ ಇಲ್ಲ. ಬಲದಿಂದ ದೂರ ಸರಿಯೋಣ ಎಂದು ಕಾಲು ತಾನಾಗಿಯೇ ಎಡಕ್ಕೆ ಒತ್ತಿತು. ನನಗೆ ನೆಟ್ಟಗೆ ಹೋಗುತ್ತಿದ್ದೇನೆ ಎಂದೇ ಅನಿಸುತ್ತಿತ್ತು. ಮೇಷ್ಟ್ರು ಕೂಗಿ ಹಿಡಿದುಕೊಳ್ಳದಿದ್ದರೆ ನಮ್ಮ ಮೈದಾನದ ಬೇಲಿಯೂ ಹೋಗುತ್ತಿತ್ತು. ನಿಮಗೆ ಹಾರಿಸಲು ಬರುವುದಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ಹಾಗೆ ಕೂತರೆ ಯಾರಿಗಾದರೂ ಎಡಕ್ಕೇ ಹೋಗುತ್ತದೆ.

ವಿಮಾನ ಬೇಕೇಬೇಕೆಂದರೆ ಅದು ನಿಮ್ಮದು. ಕೊಡುವುದಿಲ್ಲ ಎನ್ನಲು ನನಗೆ ಬಾಯಿಲ್ಲ. ಆದರೆ ನಾನು ತಂದು ಒಪ್ಪಿಸುವುದಿಲ್ಲ. ಬಾಲ ಕಟ್ಟಿದ ಹಗ್ಗವನ್ನೂ ನಾನು ಬಿಚ್ಚುವುದಿಲ್ಲ.

ನಿಮ್ಮ ಮಗನಿಗೆ ನಿಜ ಬರೆಯಲು ವಿಳಾಸ ಕೊಡಿ.

ಮೇಸ್ತ್ರಿ


ಜುಲೈ 4

ದೊಡ್ಡಮ್ಮನವರಿಗೆ,

ಜೂನ್ ಆರರ ಪತ್ರ ತಲುಪಿತೇ? ವಿಮಾನ ಒಯ್ಯಲು ಯಾರೂ ಬರಲಿಲ್ಲ. ನೀವು ಹಾರಿಸಬೇಡ ಎಂದಿದ್ದರಿಂದ ನಾನೂ ಹಾರಿಸಿಲ್ಲ. ಭಾನುವಾರ ಶೆಡ್ಡಿಗೆ ಹೋಗಿ ಧೂಳು ಒರೆಸಿ, ಪಂಖ ಎರಡು ಸುತ್ತು ಕೈಯಲ್ಲಿ ತಿರುಗಿಸಿ ಬರುತ್ತೇನೆ. ರೆಕ್ಕೆಯೊಳಗೆ ಇಲಿ ಗೂಡು ಕಟ್ಟಲು ನೋಡುತ್ತಿತ್ತು, ಓಡಿಸಿದೆ.

ಬೈಯುವುದಾದರೂ ಒಂದು ಸಾಲು ಬೈದು ಹಾಕಿ.

ಮೇಸ್ತ್ರಿ


ಜುಲೈ 15

ಮೇಸ್ತ್ರಿಗಳಿಗೆ,

ಪತ್ರ ತಲುಪಿದೆ. ವಿಮಾನ ನಿಮ್ಮದು. ಹಾರಿಸಿ.

ಕ್ಯಾಪ್ಟನ್


ಸೆಪ್ಟೆಂಬರ್ 9

ತಮ್ಮಾ,

ಅಕ್ಷರ ನನ್ನದಲ್ಲ ಎಂದು ಗಾಬರಿಯಾಗಬೇಡ. ನಾನು ಹೇಳುತ್ತಿದ್ದೇನೆ, ಮೊಮ್ಮಗಳು ಬರೆಯುತ್ತಿದ್ದಾಳೆ. ಇನ್ನು ನೀನೂ ಬೋರ್ಡ್ ಬರೆಯಬೇಕಾಗಿಲ್ಲ. ಸಾಸಿವೆ ಚೆಲ್ಲು, ಇವಳು ಓದುತ್ತಾಳೆ.

ನಾನೀಗ ಮಗನ ಮನೆಯಲ್ಲಿದ್ದೇನೆ. ಅಂಗಡಿಯ ಮೇಲಿನ ಕೋಣೆ. ಇಡೀ ದಿನ ಟೈರಿನ ವಾಸನೆ. ಹೋದ ತಿಂಗಳು ನಿನ್ನ ಆ ದೊಡ್ಡ ಪತ್ರವನ್ನು ತೆಗೆದುಕೊಂಡು ನಾನೇ ಅಂಗಡಿಗೆ ನಡೆದು ಹೋದೆ. ಓದು ಎಂದು ಕೊಟ್ಟೆ. ಅವನು ಕೈಯ ಮಸಿ ಒರೆಸಿಕೊಂಡು ನಿಂತಲ್ಲೇ ಓದಿದ. ಗೆದ್ದೆ ಎನ್ನುತ್ತಾನೆ ಎಂದು ಕಾದೆ. ಮಡಚಿ ವಾಪಸ್ ಕೊಟ್ಟು, "ಊಟ ಆಯ್ತಾ?" ಎಂದ. ಅಷ್ಟೇ.

ನಿನ್ನ ಮೇಲೆ ಸಿಟ್ಟು ಬಂದಿತ್ತು. ಸುಳ್ಳು ಹೇಳಿದ್ದಕ್ಕಲ್ಲ, ಆಮೇಲೆ ನಿಜ ಹೇಳಿದ್ದಕ್ಕೆ. ಡಾಕ್ಟರು ಹೇಳಿದಾಗ ನಂಬಲಿಲ್ಲ, ಅವರಿಗೆ ವಿಮಾನ ಗೊತ್ತಿಲ್ಲ. ಮೆಕ್ಯಾನಿಕ್ ಹೇಳಿದಾಗ ನಂಬಲಿಲ್ಲ, ಅವನು ಮಗನ ಸ್ನೇಹಿತ. ನಿನ್ನ ಪತ್ರ ಬಂದ ದಿನ ಅಡುಗೆಮನೆಯ ಕುರ್ಚಿಯಲ್ಲಿ ಕೂತಿದ್ದೆ. ಎದ್ದು ನೋಡಿದರೆ ಅದರ ದಿಂಬೂ ಬಲಕ್ಕೆ ತಗ್ಗಿತ್ತು. ಅಡುಗೆಮನೆಯಲ್ಲಿ ನೋಡಲು ಯಾವ ಅಂಚಿದೆ ಹೇಳು.

ಒಂದು ಕೇಳಿಕೆ ಇದೆ. ಗಾಳಿ ಕಡಿಮೆಯಿರುವ ಒಂದು ದಿನ ಹೇಳು. ಮಗ ಕಾರಿನಲ್ಲಿ ಕರೆದುಕೊಂಡು ಬರುತ್ತಾನೆ. ನೀನು ಹಿಂದೆ ಕೂತು ಹಾರಿಸು, ನಾನು ಮುಂದೆ ಕೂರುತ್ತೇನೆ. ಆ ಸೀಟಿನಲ್ಲಿ ನಾನು ಯಾವತ್ತೂ ಕೂತಿಲ್ಲ. ಪೆಡಲಿನಿಂದ ನನ್ನ ಕಾಲು ಹಿಂದಕ್ಕೆ ಇರುತ್ತದೆ, ಮಾತು ಕೊಡುತ್ತೇನೆ. ಇಳಿಯುವಾಗ ಗದ್ದಲ ಮಾಡುವುದಿಲ್ಲ ಎಂದು ಮಾತ್ರ ಮಾತು ಕೊಡಲಾರೆ.

ಸಮ ಮಾಡಿದ ದಿಂಬನ್ನು ಮುಂದಿನ ಸೀಟಿಗೆ ಹಾಕಿಡು. ನಿನ್ನ ಹೆಂಡತಿಯನ್ನೂ ನೋಡಬೇಕು. ಅವಳಿಗೆ ನನ್ನ ಕಡೆಯಿಂದ ಒಂದು ಮಾತು ಹೇಳು, ಸವತಿಯನ್ನು ಮನೆಗೆ ಕಳಿಸಿದವಳು ನಾನೇ, ಬೈಯುವುದಿದ್ದರೆ ಬಾಕಿ ಇಟ್ಟುಕೊಂಡಿರಲಿ.

ದೊಡ್ಡಮ್ಮ

ಅಂಕಲ್, ಇಷ್ಟು ಅಜ್ಜಿ ಹೇಳಿದ್ದು. ಇದು ನಾನು ಬರೀತಿರೋದು. ಮುಂದಿನ ಸೀಟಿನಿಂದ ಏನು ಕಾಣುತ್ತೆ ಅಂತ ಅಜ್ಜಿ ಈಗ ಕೇಳಿದರು. ಎರಡೂ ಕಡೆ ಚೆನ್ನಾಗಿ ಕಾಣುತ್ತೆ, ಅವತ್ತು ಬೇಲಿನೂ ಕಾಣ್ತಿತ್ತು ಅಂದೆ. ಮತ್ತೆ ಯಾಕೆ ಹೇಳಲಿಲ್ಲ ಅಂದರು. ಅಜ್ಜಿಗೆ ಗೊತ್ತಿರುತ್ತೆ ಅಂದ್ಕೊಂಡೆ ಅಂದೆ. ಅಜ್ಜಿ ನನ್ನ ಹಣೆ ಸವರಿ, ಅದನ್ನೂ ಬರಿ ಅಂದರು.